ತಿಪ್ಪನ ಜೊತೆ ಯಾರು?

ಮನೆಬಾಗಿಲುಗಳು ಹೊಸ್ತಿಲು ದಾಟಹೊರಟವರ ಎದೆಬಡಿತ ಎಣಿಸಿ, ಪ್ರತಿಯೊಬ್ಬರ ಹೆಸರು ಕೇಳಿಯೇ ತೆರೆಯುವ ಕಾಲವದು. ಬಸುರಿ ನಾಗವೇಣಿಗೆ ಏಳನೇ ವಾರ ತುಂಬಿದ ದಿನದಿಂದ ಚಿತ್ರದುರ್ಗದ ಆ ಮನೆಯ ಬಾಗಿಲು ಒಂದೇ ಹಟ ಹಿಡಿದಿತ್ತು: “ಇಬ್ಬರಿದ್ದೀರಿ. ಇನ್ನೊಬ್ಬರ ಹೆಸರು ಹೇಳಿ.”

ಆರು ದಿನದಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ಇವತ್ತು ಹತ್ತು ಗಂಟೆಗೆ ಬಿ.ಎಡ್. ಕೊನೆಯ ಪರೀಕ್ಷೆ.

“ಏನಾದ್ರೂ ಒಂದು ಹೆಸರು ಹೇಳ್ಬಿಡ್ತೀನಿ ಅತ್ತೆ,” ಎಂದಳು, ವಾಂತಿ ತಡೆಯಲು ನಿಂಬೆಹೋಳು ಮೂಸುತ್ತ.

“ಹುಟ್ಟೋಕ್ ಮುಂಚೆ ತೊಟ್ಲೇ ತರಲ್ಲ, ಇನ್ನು ಹೆಸರಂತೆ! ದೃಷ್ಟಿ ಆಗುತ್ತೆ ಕಣೇ,” ಅತ್ತೆ ಸರೋಜಮ್ಮ ಗದರಿದರು.

“ಪರೀಕ್ಷೆ ತಪ್ಪಿದ್ರೆ ಇನ್ನೊಂದು ವರ್ಷ ಹೋಯ್ತು. ಆಮೇಲೆ ಕೂಸು ಬಿಟ್ಟು ಯಾರು ಕಳಿಸ್ತಾರೆ ನನ್ನ?”

ಒಂಬತ್ತೂವರೆ ದಾಟಿತು. ಸೊಸೆಯ ಕಣ್ಣು ತುಂಬಿದ್ದು ನೋಡಲಾರದೆ ಸರೋಜಮ್ಮನೇ ಬಾಗಿಲ ಬಳಿ ಬಂದರು.

“ತಿಪ್ಪ,” ಎಂದರು. “ತಿಪ್ಪೆ ಹೆಸರಿನ ಕೂಸನ್ನ ಯಾವ ಕೆಟ್ಟ ಕಣ್ಣೂ ಮುಟ್ಟಲ್ಲ ಬಿಡು.”

“ತಿಪ್ಪ ಹೋಗಬಹುದು,” ಎಂದಿತು ಬಾಗಿಲು. “ಜೊತೆಗೆ ಯಾರು?”

“ನಾಗವೇಣಿ.”

ಮೂರು ವರ್ಷ ಆ ಹೆಸರಿಗೇ ತೆರೆಯುತ್ತಿದ್ದ ಬಾಗಿಲು ಅಲುಗಲಿಲ್ಲ. ಅವಳು ಮತ್ತೊಮ್ಮೆ ಹೇಳಿದಳು, ಕೂಗಿಯೂ ಹೇಳಿದಳು. ಕೊನೆಗೆ ದನಿ ತಗ್ಗಿಸಿ, “ತಿಪ್ಪನ ಅಮ್ಮ,” ಎಂದಳು.

ಬಾಗಿಲು ತಕ್ಷಣ ತೆರೆಯಿತು.