ಒರೆಸದ ಪಾಟಿ

ಮಧ್ಯಾಹ್ನ ಮೂರೂವರೆಗೆ, ನಮ್ಮೂರು ಮೊರಬದ ಸಾಲಿಯಲ್ಲಿ, ಪಾಠ ಹೇಳಲು ಹೊಸದಾಗಿ ಬಂದ ಅಕ್ಕೋರು "ಪಾಟಿ ಒರಸಬ್ಯಾಡ್ರಿ" ಎಂದರು. ತಪ್ಪಿದ ಲೆಕ್ಕವನ್ನು ಉಗುಳು ಹಚ್ಚಿ ಅಳಿಸುವುದು ನಮ್ಮ ರೂಢಿ. ಅವರು ನನ್ನ ತಪ್ಪು ನೋಡಿ, ಸಣ್ಣ ವಹಿಯಲ್ಲಿ ಏನೋ ಬರೆದುಕೊಂಡರು.

"ಹೆಸರು ಬರಕೊಂಡಾರಂದ್ರ ಸಾಲಿ ಬಿಡಸ್ತಾರ," ಅಂದಳು ಅವ್ವ, ಸಂಜೆ ಮನೆಯಲ್ಲಿ ನಾನು ಹೇಳಿದ್ದು ಕೇಳಿ. "ಸೋಮವಾರದಿಂದ ಹತ್ತಿ ಬಿಡಸಾಕ ಬಾ."

ಮರುದಿನ ಅಕ್ಕೋರು ಲೆಕ್ಕ ತಪ್ಪಿದ ನಮ್ಮ ನಾಲ್ವರನ್ನು ಬೇರೆ ಕೂಡಿಸಿ, ಹುಣಸೆಬೀಜ ಹರವಿ, ಕಳೆಯುವ ಲೆಕ್ಕವನ್ನು ಮೊದಲಿನಿಂದ ಕಲಿಸಿದರು. ಆದರೂ ಸಾಲಿ ಬಿಡಿಸುತ್ತಾರೆಂಬ ಸಂಶಯ ನನಗೆ ಹೋಗಲಿಲ್ಲ.

ಶನಿವಾರ ಅವ್ವ ಸಾಲಿಗೇ ಬಂದಳು. "ಇಕಿ ಹೆಸರು ಯಾಕ ಬರದೀರ್ರಿ?"

ಅಕ್ಕೋರು ವಹಿಯನ್ನು ನನ್ನ ಕೈಗೇ ಕೊಟ್ಟರು. ಅವ್ವನಿಗೆ ಕೇಳುವಂತೆ ಓದಿದೆ: "ಕಳೆಯುವುದು ತಿಳಿದಿಲ್ಲ. ನಾನು ಬೇರೆ ರೀತಿ ಕಲಿಸಬೇಕು."

"ಖರೇನ ಹಂಗ ಐತೇನ?"

"ಹೌದ ಬೇ."

ಓದಲು ಬಾರದ ಅವ್ವ ನನ್ನ ಮುಖ ನೋಡಿ, "ಸೋಮವಾರ ಸಾಲಿಗೇ ಬಾ" ಎಂದು, ಹೊಲಕ್ಕೆ ಒಬ್ಬಳೇ ಹೋದಳು. ಆ ಶನಿವಾರ ರಾತ್ರಿ ನಾನು ಎಚ್ಚರಾಗದೆ ಬೆಳಗಾಗುವತನಕ ಮಲಗಿದೆ.