ಲೆಕ್ಕದ ಗೊಂಬೆ

ಲೆಕ್ಕಕ್ಕೆ ಹೆದರುವ ಮಕ್ಕಳಿಗೆ ಧೈರ್ಯ ಹೇಳಲೆಂದು ಶಾಲೆಗೆ ಒಂದು ರೋಬೋಟ್ ಬಂದು ವರ್ಷವಾಗಿತ್ತು. ಮಕ್ಕಳು ಅದನ್ನು ಲೆಕ್ಕದ ಗೊಂಬೆ ಎನ್ನುತ್ತಿದ್ದರು. ಅದರ ಮುಂದೆ ಕೂತ ದಡ್ಡರೆಲ್ಲ ಜಾಣರಾದರು. ಜಾಣೆಯಾಗಿದ್ದ ಚಿನ್ಮಯಿ ಮಾತ್ರ ದಿನದಿಂದ ದಿನಕ್ಕೆ ಹಿಂದೆ ಬಿದ್ದಳು.

ಮುಖ್ಯೋಪಾಧ್ಯಾಯಿನಿ ಅವಳ ತಾತ ಶಿವಲಿಂಗಯ್ಯನವರನ್ನು ಕರೆಸಿದರು. "ಮೇಷ್ಟ್ರೇ, ಗೊಂಬೆ ಕೊಡೋ ಅಂಕಾನೂ ಸೇರಿಸಿ ಪಾಸು ಮಾಡೋದು. ಹೀಗೇ ಆದ್ರೆ ಐದನೇ ಕ್ಲಾಸಲ್ಲೇ ಉಳೀತಾಳೆ."

ಮೂವತ್ತೆಂಟು ವರ್ಷ ಗಣಿತ ಕಲಿಸಿದ್ದ ಶಿವಲಿಂಗಯ್ಯನವರು, ಆ ಶಾಲೆಯಲ್ಲೇ ಟೀಚರಾಗಿದ್ದ ಮಗಳನ್ನು ಮಣ್ಣು ಮಾಡಿದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಶಿವನನ್ನು ನೆನೆದು ಒಳಗೆ ಹೋಗಿ ಮೊಮ್ಮಗಳ ಪಕ್ಕ ಕುಳಿತರು. ಗೊಂಬೆಯ ಪರದೆಯ ಮೇಲೆ ಅವಳು ಆಗಲೇ ಒತ್ತಿದ್ದ ತಪ್ಪು ಉತ್ತರವಿತ್ತು.

"ಏಳೆಂಟ್ಲಿ ಎಷ್ಟೇ?"

"ಐವತ್ತಾರು, ತಾತ."

"ಗೊತ್ತಲ್ಲ! ಮತ್ತೆ ಐವತ್ತನಾಲ್ಕು ಯಾಕೆ ಒತ್ತಿದೆ?"

"ಸರಿ ಒತ್ತಿದ್ರೆ ಬರೀ ಹಸಿರು ದೀಪ ಹತ್ತುತ್ತೆ. ಮಾತಾಡಲ್ಲ."

"ಗೊಂಬೆ ಮಾತು ಕೇಳೋಕೆ ಯಾರಾದ್ರೂ ಫೇಲಾಗ್ತಾರೇನೇ, ಕತ್ತೆ?"

ಹುಡುಗಿ ಐವತ್ತಮೂರು ಒತ್ತಿದಳು.

"ಪರವಾಗಿಲ್ಲ, ಬಂಗಾರ," ಎಂದಿತು ಗೊಂಬೆ. "ಹೆದರಬೇಡ, ನಾನಿದೀನಲ್ಲ? ಇನ್ನೊಂದ್ಸಲ ಮಾಡೋಣ."

ಶಿವಲಿಂಗಯ್ಯನವರ ಕೈ ಕೊರಳಿನ ಲಿಂಗಕ್ಕೆ ಹೋಯಿತು. ಗೊಂಬೆ ಬಂದ ಹೊಸದರಲ್ಲಿ ಅದಕ್ಕೆ ದನಿ ಕೊಟ್ಟವಳು ಅವರ ಮಗಳು, ಈ ಹುಡುಗಿಯ ತಾಯಿ.

ಅದೇ ಲೆಕ್ಕ ಮತ್ತೆ ಪರದೆಯ ಮೇಲೆ ಬಂತು. ಮೊಮ್ಮಗಳು ಕೈ ಚಾಚಿದಳು.

"ನೀನು ಸ್ವಲ್ಪ ಆ ಕಡೆ ಸರಿ, ಮಗಾ," ಎಂದು ಶಿವಲಿಂಗಯ್ಯನವರು ತಾವೇ ಐವತ್ತೆರಡು ಒತ್ತಿದರು.