ಚೀನೀ ಬಲ್ಲ ಮಾಸ್ತರರು

ಚೀನಾದ ಪ್ರಾಚೀನ ತಾವೋ ಪಂಥದ ಜ್ಞಾನಿಯೊಬ್ಬನ ಗ್ರಂಥವನ್ನು ಫಕೀರಪ್ಪ ಮಾಸ್ತರರು ಕನ್ನಡಕ್ಕೆ ತಂದಾಗ ಹುಬ್ಬಳ್ಳಿಯಿಂದ ಹಿಮಾಲಯದ ಆಚೆಯವರೆಗೂ ನೆಲ ನಡುಗಿತು. ಮುಖಪುಟದಲ್ಲೇ ‘ಚೀನೀ ಮೂಲದಿಂದ ನೇರ ಅನುವಾದ’ ಎಂದು ಅಚ್ಚಾಗಿತ್ತು. ಸನ್ಮಾನಕ್ಕೆ ಅತಿಥಿಯಾಗಿ ಬಂದವರು ಮೂರು ತಲೆಮಾರಿನಿಂದ ಊರಿನ ಹಲ್ಲು ಕೀಳುತ್ತಿದ್ದ ಚೀನೀ ಮನೆತನದ ಲಿಯಾಂಗ್ ಡಾಕ್ಟರು. ಇಬ್ಬರೂ ವೇದಿಕೆಯ ಮೇಲೆ ಚೀನೀ ಭಾಷೆಯಲ್ಲೇ ಸಂವಾದ ನಡೆಸುತ್ತಾರೆಂದು ಸಂಘಟಕರು ಯಾರನ್ನೂ ಕೇಳದೆ ಮೈಕಿನಲ್ಲಿ ಸಾರಿಬಿಟ್ಟರು. ಮಾಸ್ತರರ ಮೈಯಿಂದ ಇಳಿದ ಬೆವರಿಗೆ ಉಣಕಲ್ ಕೆರೆ ಕೋಡಿ ಬಿತ್ತು.

ಪರದೆಯ ಹಿಂದೆ ಅವರು ಡಾಕ್ಟರ ಎರಡೂ ಕೈ ಹಿಡಿದುಕೊಂಡರು.

“ಡಾಕ್ಟ್ರ, ನನ್ನ ಮಾನ ಉಳಸ್ರಿ! ನನಗ ಚೀನೀ ಒಂದಕ್ಷರ ಬರಂಗಿಲ್ಲ. ಇಂಗ್ಲಿಷ್ ಅನುವಾದ ನಾಕು ಮುಂದಿಟ್ಕೊಂಡು ಬರದೇನಿ. ಹೊಟ್ಟಿ ನೋವು ಅಂತ ಹೇಳಿ ಹೊಂಟ್ ಹೋಗ್ರಿ, ನಿಮ್ಮ ಕಾಲಿಗಿ ಬೀಳ್ತೀನಿ.”

ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತರು.

“ನಮ್ಮ ಮನ್ಯಾಗ ಆ ಭಾಷಾ ಅಜ್ಜನ ಕೂಡನ ಹೋತ್ರೀ, ಮಾಸ್ತರ,” ಎನ್ನುತ್ತ ಕಿಸೆಯಿಂದ ಮಾಸಿದ ಫೋಟೋ ಒಂದನ್ನು ತೆಗೆದರು. “ಅವನ ಗೋರಿ ಮ್ಯಾಲೆ ಏನ್ ಬರದೈತಿ ಅಂತ ನೀವರ ಓದಿ ಹೇಳ್ತೀರಂತ ಬಂದಿದ್ದೆ.”